ಉಜ್ಜದೆ ನಿಲ್ಲಿಸಿದ ನಾಲ್ಕು ಉಂಗುರ

ಆ ಕಲ್ಲನ್ನು ನಾನು ಮೊದಲ ದಿನ ನೋಡಿದ್ದು ಎರಡೇ ನಿಮಿಷ. ಇನ್ನೆರಡು ನಿಮಿಷ ನೋಡಿದ್ದರೆ ಇದನ್ನೆಲ್ಲ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಅವತ್ತು ಸೋಮವಾರ. ಡೊಂಬಿವಲಿಯಲ್ಲಿ ಹತ್ತಿದ ಲೋಕಲ್ ರೈಲು ಮುಂಬ್ರಾ ದಾಟುವ ಮೊದಲು ಇಪ್ಪತ್ತು ನಿಮಿಷ ಅಲ್ಲಾಡದೆ ನಿಂತಿತು. ಠಾಣೆಯಲ್ಲಿ ಇಳಿದರೆ ಬಸ್ಸಿಗೆ ಮಾರುದ್ದ ಸಾಲು. ಘೋಡ್‌ಬಂದರ್ ರಸ್ತೆಯ ಆ ಟವರಿನ ಹದಿನಾಲ್ಕನೇ ಮಹಡಿ ಮುಟ್ಟುವಷ್ಟರಲ್ಲಿ ನನ್ನ ತಲೆ ಕಾದ ಕಾವಲಿಯ ಹಾಗಾಗಿತ್ತು. ನಾನು ಮಾರ್ಬಲ್ ಪಾಲಿಶಿನವನು; ನನ್ನ ಸಿಟ್ಟಿನ ವಿಷಯ ಈ ಊರುಗಳಲ್ಲಿ ಕಲ್ಲಿನ ಕೆಲಸ ಮಾಡುವವರಿಗೆಲ್ಲ ಗೊತ್ತು. ಕೈ ಚೊಕ್ಕ, ಬಾಯಿ ಮಾತ್ರ ಕೆಟ್ಟದ್ದು ಅಂತ ಹೇಳಿಯೇ ಜನ ನನ್ನ ನಂಬರು ಇನ್ನೊಬ್ಬರಿಗೆ ಕೊಡುತ್ತಾರೆ.

ಮನೆಯವರು ನಮ್ಮ ಉಡುಪಿ ಕಡೆಯವರೇ. ಯಜಮಾನರಿಗೆ ಠಾಣೆ ಸ್ಟೇಷನ್ನಿನ ಹತ್ತಿರ ಹೋಟೆಲು. ಬೆಳಿಗ್ಗೆ ಆರಕ್ಕೆ ಹೋದರೆ ಮತ್ತೆ ಮನೆ ನೋಡುವುದು ಮಧ್ಯಾಹ್ನ ನಿದ್ದೆಗೆ. ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಯಜಮಾನ್ತಿ, ಮತ್ತು ಅವರ ಅತ್ತೆ. ಯಜಮಾನ್ತಿ ಹುಟ್ಟಿ ಬೆಳೆದದ್ದೆಲ್ಲ ಮುಲುಂಡಿನಲ್ಲಿ. ಬಾಗಿಲು ತೆರೆದವರು ನಮಸ್ಕಾರ ಕೂಡ ಹೇಳದೆ ನನ್ನನ್ನು ಸೀದಾ ಅಡುಗೆಮನೆಗೆ ಕರೆದುಕೊಂಡು ಹೋದರು.

"ನೋಡಿ ಅಣ್ಣ, ನೋಡಿ! ಎರಡು ದಿನ ಪುಣೆಗೆ ಮದುವೆಗೆ ಹೋಗಿ ಬಂದದ್ದು ಅಷ್ಟೇ. ನನ್ನ ಓಟಾದ ಅವಸ್ಥೆ ನೋಡಿ!"

ಓಟಾ ಅಂದರೆ ಇಲ್ಲಿಯ ಮರಾಠಿಯಲ್ಲಿ ಅಡುಗೆಕಟ್ಟೆ. ಗ್ಯಾಸ್ ಒಲೆ, ಸಿಂಕು ಎಲ್ಲ ಕೂರುವ ಚಪ್ಪಡಿ. ಈ ಕಡೆ ಬಹಳ ಮನೆಗಳಲ್ಲಿ ಅದು ಕರಿ ಗ್ರಾನೈಟ್. ಏನು ಬಿದ್ದರೂ ಕೇಳುವವರಿಲ್ಲ. ಇವರು ಆಸೆಪಟ್ಟು ಹಾಕಿಸಿದ್ದು ಹೊರದೇಶದ ಬಿಳಿ ಮಾರ್ಬಲ್. ಹಾಲಿನಂಥ ಬಿಳುಪು, ನಡುನಡುವೆ ಬೂದು ಗೆರೆ, ಮುಖ ಕಾಣುವ ಹೊಳಪು. ಈಗ ಸಿಂಕಿನ ಎಡಗಡೆ ಹೊಳಪೆಲ್ಲ ಹೋಗಿ ಬಟ್ಟೆಯಲ್ಲಿ ಸಾರಿಸಿದ ಹಾಗೆ ದೊಡ್ಡದೊಂದು ಮಂಕು ಕಲೆ. ಬಲಗಡೆ ಅಲ್ಲಲ್ಲಿ ಮಸುಕು ಮಸುಕು ಮಚ್ಚೆ. ಪಕ್ಕದಲ್ಲಿ ಬಟ್ಟೆ, ಪಾತ್ರೆ ತೊಳೆಯುವ ಡ್ರೈ ಬಾಲ್ಕನಿಯ ಮೂಲೆಯಲ್ಲಿ ಬಾತ್‌ರೂಮ್ ತೊಳೆಯುವ ಆಸಿಡ್ಡಿನ ಬಾಟಲಿ ನನ್ನ ಕಣ್ಣಿಗೆ ಬಿತ್ತು. ಅಷ್ಟೇ. ಅದಕ್ಕೂ ಇದಕ್ಕೂ ಗಂಟು ಹಾಕಿಯೇ ಬಿಟ್ಟೆ.

"ಇದರಲ್ಲಿ ನೋಡ್ಲಿಕ್ಕೆ ಎಂತ ಉಂಟು ಅಕ್ಕ?" ಎಂದೆ. "ಬಾತ್‌ರೂಮಿನ ಆಸಿಡ್ ಹಾಕಿ ಒರೆಸಿದ್ದಾರೆ. ಇಂಥದ್ದು ನಾನು ಎಷ್ಟು ಮನೆಯಲ್ಲಿ ನೋಡಿಲ್ಲ!"

ಅಡುಗೆಮನೆಯ ಬಾಗಿಲಲ್ಲಿ ಕೆಲಸದಾಕೆ ಪೊರಕೆ ಹಿಡಿದು ನಿಂತಿದ್ದಳು. ಮೂವತ್ತೈದರ ಆಸುಪಾಸು, ಹಸಿರು ಬಳೆ, ವಿಜಯಪುರದ ಕಡೆಯ ಮಾತು. ಠಾಣೆಯ ಈ ಟವರುಗಳಲ್ಲಿ ಆ ಕಡೆಯಿಂದ ಬಂದ ಹೆಂಗಸರು ಬಹಳ ಮಂದಿ ಮನೆಗೆಲಸಕ್ಕಿದ್ದಾರೆ. ಮನೆಯವರು ಎಲ್ಲರನ್ನೂ 'ಬಾಯಿ' ಎಂದೇ ಕರೆಯುತ್ತಾರೆ.

"ನಾ ಹಾಕಿಲ್ರೀ ಯಣ್ಣಾ. ಆ ಬಾಟ್ಲಿ ನಾ ಈ ಮನ್ಯಾಗ ಮುಟ್ಟಂಗೇ ಇಲ್ಲ. ಸಂಡಾಸ ತೊಳ್ಯಾಕ ಬ್ಯಾರೆಯವ ಬರ್ತಾನ" ಎಂದಳು.

ನಾನು ತಿರುಗಿಯೂ ನೋಡಲಿಲ್ಲ. "ಮನುಷ್ಯರು ಸುಳ್ಳು ಹೇಳ್ತಾರೆ, ಕಲ್ಲು ಸುಳ್ಳು ಹೇಳುದಿಲ್ಲ" ಎಂದೆ. ಬಹಳ ದೊಡ್ಡ ಮಾತು ಆಡಿದೆ ಅನ್ನುವ ಹೆಮ್ಮೆ ಬೇರೆ. ಅಳತೆ ತೆಗೆದು, ಮರುದಿನ ಮಿಷಿನು ತರುತ್ತೇನೆ ಎಂದು ಹೇಳಿ, ಕೊಟ್ಟ ಕಾಫಿ ಕುಡಿದು ಬಂದೆ.

ಮಂಗಳವಾರ ಕೆಲಸ ಶುರು. ಅಡುಗೆಮನೆಯಲ್ಲಿ ಮಾರ್ಬಲ್ ಉಜ್ಜುವುದು ಅಂದರೆ ಅರ್ಧ ಕೆಲಸ ಮುಚ್ಚುವುದೇ. ಕಪಾಟು, ಫ್ರಿಜ್ಜು, ಗೋಡೆಯ ಟೈಲು, ಎಲ್ಲದಕ್ಕೂ ಪ್ಲಾಸ್ಟಿಕ್ ಹಾಳೆ, ಅಂಚಿಗೆಲ್ಲ ಟೇಪು. ಆಮೇಲೆ ಕೈಮಿಷಿನಿಗೆ ಡೈಮಂಡ್ ಪ್ಯಾಡು. ಪ್ಯಾಡಿಗೆ ನಂಬರು ಇರುತ್ತದೆ. ನಂಬರು ಚಿಕ್ಕದಾದಷ್ಟೂ ಪ್ಯಾಡು ಒರಟು. ಮಂಕು ಕಲೆ ಅಂದರೆ ಮೇಲೆ ಅಂಟಿಕೊಂಡ ಕೊಳೆಯಲ್ಲ. ಹುಳಿ ಬಿದ್ದು ಕಲ್ಲಿನ ಚರ್ಮವೇ ಸವೆದು ಹೋಗಿರುತ್ತದೆ. ಸೋಪು ಹಾಕಿ ತಿಕ್ಕಿದರೆ ಹೋಗುವಂಥದ್ದಲ್ಲ. ಸುತ್ತಲಿನ ಕಲ್ಲನ್ನೂ ಆ ಸವೆತದ ಮಟ್ಟಕ್ಕೆ ಇಳಿಸಿ, ಒಂದೊಂದೇ ಪ್ಯಾಡಿನಲ್ಲಿ ಮತ್ತೆ ಹೊಳಪಿನವರೆಗೆ ಹತ್ತಬೇಕು.

ಬಾತ್‌ರೂಮಿನ ಆಸಿಡ್ ಅಂದುಕೊಂಡಿದ್ದೆನಲ್ಲ, ಆಳವಾಗಿ ತಿಂದಿರುತ್ತದೆ ಎಂದು ಇನ್ನೂರರ ಪ್ಯಾಡಿನಿಂದ ಶುರು ಮಾಡಿದೆ. ಎಡಗಡೆಯ ದೊಡ್ಡ ಕಲೆ ಮೂರೇ ಸುತ್ತಿಗೆ ಮಾಯ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಆ ಆಸಿಡ್ ತಿಂದ ಕಲ್ಲು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಮುಟ್ಟಿದರೆ ಸಕ್ಕರೆಯ ಹಾಗೆ ತರಿತರಿ ಆಗಿರುತ್ತದೆ, ಗುಂಡಿ ಬಿದ್ದಿರುತ್ತದೆ. ನಾನೋ, ನನ್ನ ಕೈಗುಣ ಅಂದುಕೊಂಡು ಒಳಗೊಳಗೇ ಬೀಗಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನೆಯಾ?

ಒರಟು ಪ್ಯಾಡು ಸುಮ್ಮನೆ ಬಿಡಲಿಲ್ಲ. ಕಲ್ಲಿನ ಮೇಲೆ ಸುರುಳಿ ಸುರುಳಿ ಗೀರು ಎಬ್ಬಿಸಿತು. ಅದನ್ನು ಅಳಿಸಲು ನಾನೂರು, ಎಂಟುನೂರು, ಮತ್ತೆ ನಾನೂರಕ್ಕೆ ವಾಪಸ್ಸು. ಅಷ್ಟರಲ್ಲಿ ಕಲ್ಲು ತೇಯ್ದ ಬಿಳಿ ನೀರು ಟೇಪಿನ ಸಂದಿಯಿಂದ ಇಳಿದು ಕೆಳಗಿನ ಡ್ರಾಯರಿಗೆ ಹೋಯಿತು. ಯಜಮಾನ್ತಿ ಚಮಚ, ಸೌಟುಗಳನ್ನೆಲ್ಲ ನೆಲಕ್ಕೆ ಸುರಿದು, "ಅಯ್ಯೋ ದೇವರೇ, ಶುಕ್ರವಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಉಂಟು! ಬಾಯಿ ಕೂಡ ಇಲ್ಲ, ಇದನ್ನೆಲ್ಲ ಯಾರು ತೊಳೆಯುದು?" ಎಂದು ಗೊಣಗಿದರು.

"ಬಾಯಿ ಬರ್ಲಿಲ್ವಾ ಇವತ್ತು?" ಎಂದೆ.

"ತೆಗೆದು ಹಾಕಿದೆ. ನೀವೇ ಹೇಳಿದ್ರಲ್ಲ ಆಸಿಡ್ ಅಂತ. ತಪ್ಪಾಯ್ತು ಅಂದಿದ್ರೆ ಬೇರೆ ಮಾತು. ಸುಳ್ಳು ಹೇಳ್ತಾಳೆ ಅಂದ್ರೆ ಮನೆಯಲ್ಲಿ ಹೇಗೆ ಇಟ್ಕೊಳ್ಳುದು? ಬಿಲ್ಡಿಂಗ್ ಗ್ರೂಪಲ್ಲಿ ಫೋಟೋ ಹಾಕಿ ಎಲ್ಲರಿಗೂ ಹೇಳಿದ್ದೇನೆ."

ಹಾಲಿನ ಕುರ್ಚಿಯಲ್ಲಿ ಕುಳಿತಿದ್ದ ಅತ್ತೆ ಅಲ್ಲಿಂದಲೇ, "ಅವಳು ಹಾಗೆ ಮಾಡುವವಳಲ್ಲ ಅಂತ ನಾನು ಹೇಳಿದೆ. ನನ್ನ ಮಾತು ಯಾರಿಗೆ ಬೇಕು?" ಎಂದರು. ಆ ಮನೆಯಲ್ಲಿ ಮಾತು ತುಳುವಿನಲ್ಲಿ, ಮೊಮ್ಮಕ್ಕಳದ್ದು ಹಿಂದಿಯಲ್ಲಿ. ಅತ್ತೆಯ ಹತ್ತಿರ ದಿನಾ ಕೂತು ಕನ್ನಡದಲ್ಲಿ ಹರಟುತ್ತಿದ್ದವಳು ಆ ಕೆಲಸದಾಕೆ ಒಬ್ಬಳೇ ಎಂದು ನನಗೆ ಗೊತ್ತಾದದ್ದು ಆಮೇಲೆ.

ನನ್ನ ಒಂದು ಮಾತಿಗೆ ಅವಳ ಕೆಲಸ ಹೋಗಿತ್ತು. ಆದರೆ ಮಿಷಿನು ಹಿಡಿದ ಕೈ ನಿಲ್ಲಲಿಲ್ಲ. ನಿಲ್ಲಿಸಿದ್ದು ಕಲ್ಲು. ಒಲೆಯ ಹಿಂದೆ ಕೂದಲೆಳೆಯಷ್ಟು ಸಪೂರ ಬಿರುಕು ಮಿಷಿನಿನ ಅದುರಿಗೆ ಬಾಯಿ ತೆರೆಯಿತು. ಹೊಸದಲ್ಲ, ಕಾರ್ಖಾನೆಯಲ್ಲೇ ಅಂಟು ತುಂಬಿ ಮುಚ್ಚಿದ್ದ ಹಳೆಯ ಬಿರುಕು. ಒಣಗಿಸಿ, ಕಲ್ಲಿನ ಅಂಟಿಗೆ ಬಿಳಿ ಬಣ್ಣ ಬೆರೆಸಿ, ತೆಳು ಪಟ್ಟಿಯಿಂದ ಒತ್ತಿ ತುಂಬಿದೆ. ಅದು ಗಟ್ಟಿಯಾಗುವ ತನಕ ಆ ಚಪ್ಪಡಿಯ ಮೇಲೆ ಮಿಷಿನು ಇಡುವ ಹಾಗಿಲ್ಲ. ಬಲಗಡೆಯ ಭಾಗ ಮರುದಿನಕ್ಕೆ ಉಳಿಯಿತು. ಅವತ್ತು ಆ ಬಿರುಕಿಗೆ ಬಾಯಿಗೆ ಬಂದ ಹಾಗೆ ಬೈದೆ. ಈಗ ನೆನೆದರೆ ಅದಕ್ಕೆ ಕೈಮುಗಿಯಬೇಕು ಅನಿಸುತ್ತದೆ.

ಬುಧವಾರ ಬೆಳಿಗ್ಗೆ ಬಸ್ಸಿಳಿದು ಟವರಿನ ಗೇಟಿನತ್ತ ನಡೆಯುತ್ತಿದ್ದೆ. ಬಸ್‌ಸ್ಟಾಪಿನ ಕಂಬಕ್ಕೆ ಒರಗಿ ನಿಂತಿದ್ದವಳು ಅಡ್ಡ ಬಂದಳು. ಅದೇ ಹಸಿರು ಬಳೆ.

"ಯಣ್ಣಾ, ನಿಂದರ್ರಿ ಜರಾ."

"ಎಂತ? ನನಗೆ ಹೊತ್ತಾಯ್ತು."

"ನನಗ ಹೊತ್ತಽ ಹೊತ್ತು ಐತ್ರಿ ಈಗ. ಮೂರು ಮನಿ ಇದ್ವು ಈ ಬಿಲ್ಡಿಂಗ್‌ನ್ಯಾಗ. ಒಂದ ದಿವಸದಾಗ ಮೂರೂ ಹೋದ್ವು. ಗೇಟ್‌ನ್ಯಾಗ ನನ್ನ ಕಾರ್ಡ ಬಂದ್ ಮಾಡ್ಯಾರ. ವಾಚ್‌ಮನ್ ಒಳಗ ಬಿಡವಲ್ಲ. ಆರು ವರ್ಷ ದುಡ್ದೀನ್ರಿ ಇಲ್ಲಿ, ಒಂದ ಚಮಚಾ ಕಳದಿಲ್ಲ."

"ಅದಕ್ಕೆ ನಾನೆಂತ ಮಾಡ್ಲಿ? ನಿನ್ನನ್ನು ಕೆಲಸದಿಂದ ತೆಗೆದದ್ದು ನಾನಲ್ಲ."

"ತಗದವ್ರು ಅಕ್ಕಾರ. ತಗೀರಿ ಅಂತ ಹೇಳಿದವ್ರು ಯಾರು?" ಅವಳ ದನಿ ಏರಲಿಲ್ಲ, ಅದೇ ನನಗೆ ಇನ್ನೂ ಕಷ್ಟವಾಯಿತು. "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ. ನಾ ಹಾಕಿದ್ದು ನೀವು ಕಣ್ಣಿಲೆ ಕಂಡೀರೇನು? ಕಲ್ಲು ಸುಳ್ಳ ಹೇಳಂಗಿಲ್ಲ ಅಂದ್ರಲ್ಲ, ಮತ್ತೊಮ್ಮಿ ಕೇಳ್ರಿ ಅದನ್ನ. ಛಲೋತ್ನಂಗ ಕೇಳ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ತಪ್ಪು ಮಾಡಿದವನಿಗೆ ಸಿಟ್ಟು ಬೇಗ ಬರುತ್ತದೆ. "ನನಗೆ ಕಲಿಸ್ಲಿಕ್ಕೆ ಬರ್ಬೇಡ" ಎಂದು ಅವಳನ್ನು ಬಳಸಿಕೊಂಡು ಒಳಗೆ ಹೋದೆ. ಲಿಫ್ಟಿನಲ್ಲಿ ಹದಿನಾಲ್ಕು ಮಹಡಿ ಹತ್ತುವಷ್ಟೂ ಹೊತ್ತು ಅವಳ ಮಾತು ಕಿವಿಯಲ್ಲೇ ಇತ್ತು.

ಅಂಟು ಗಟ್ಟಿಯಾಗಿತ್ತು. ಅದನ್ನು ಬ್ಲೇಡಿನಲ್ಲಿ ಮಟ್ಟ ಮಾಡಿ, ಮಿಷಿನಿಗೆ ಪ್ಯಾಡು ಹಾಕಿ, ಬಲಗಡೆಯ ಮಚ್ಚೆಗಳ ಮೇಲೆ ನೀರು ಚಿಮುಕಿಸಿದೆ. ಸ್ವಿಚ್ ಒತ್ತುವ ಮೊದಲು ಬೆರಳು ನಿಂತಿತು. ಮತ್ತೊಮ್ಮಿ ಕೇಳ್ರಿ ಅದನ್ನ.

ಆಯಿತು ಮಾರಾಯ್ತಿ, ಕೇಳುತ್ತೇನೆ ಎಂದುಕೊಂಡು ಚೀಲದಿಂದ ಟಾರ್ಚು ತೆಗೆದೆ. ಅಡುಗೆಮನೆಯ ದೀಪ ಆರಿಸಿ, ಕಿಟಕಿಯ ಪರದೆ ಎಳೆದು, ಟಾರ್ಚನ್ನು ಕಲ್ಲಿನ ಮೇಲೆ ಮಲಗಿಸಿ ಹಿಡಿದೆ. ಮೇಲಿನಿಂದ ಕಾಣದ ತಗ್ಗು ಉಬ್ಬೆಲ್ಲ ಅಡ್ಡ ಬೆಳಕಿಗೆ ಎದ್ದು ಕಾಣುತ್ತದೆ. ಯಾವ ಕಲ್ಲಿಗಾದರೂ ನಾನು ಮೊದಲು ಮಾಡುವ ಕೆಲಸ ಇದೇ. ಸೋಮವಾರ ಮಾಡಿರಲಿಲ್ಲ, ಅಷ್ಟೇ.

ಮಚ್ಚೆ ಅಂದುಕೊಂಡದ್ದು ಮಚ್ಚೆಯಾಗಿರಲಿಲ್ಲ. ಉಂಗುರ. ನಾಲ್ಕು ಉಂಗುರ. ಎರಡು ದೊಡ್ಡದು, ಎರಡು ಸಣ್ಣದು, ಕಂಪಾಸು ಇಟ್ಟು ಎಳೆದ ಹಾಗೆ ದುಂಡಗೆ. ನಡುವೆ ಕಲ್ಲಿನ ಹೊಳಪು ಹಾಗೇ ಇದೆ. ಪ್ರತಿ ಉಂಗುರದಿಂದಲೂ ಒಂದೊಂದು ಸಣ್ಣ ಗೆರೆ ಸಿಂಕಿನ ಕಡೆ ಹರಿದಿದೆ. ಆಸಿಡ್ ಸುರಿದು ಒರೆಸಿದರೆ ಉಂಗುರ ಎಲ್ಲಿಂದ ಬರಬೇಕು? ಬೆರಳಿನಿಂದ ಸವರಿದೆ: ತರಿಯಿಲ್ಲ, ಬರೀ ಮಂಕು. ಸಿಂಕಿನೊಳಗೆ ಟಾರ್ಚು ಬಿಟ್ಟೆ. ಆ ಆಸಿಡ್ಡಿನ ಹೊಗೆ ತಾಗಿದರೆ ಸಾಕು, ಸ್ಟೀಲು ಎರಡೇ ದಿನಕ್ಕೆ ಕಂದು ಚುಕ್ಕಿ ಹಿಡಿಯುತ್ತದೆ. ಸಿಂಕು ನೋಡಿದರೆ ಹೊಸ ತಟ್ಟೆಯ ಹಾಗೆ ಫಳಫಳ.

ದುಂಡಗಿನದು, ಹುಳಿಯದು, ಸ್ವಲ್ಪ ಹೊತ್ತು ಹಾಗೇ ಬಿಟ್ಟದ್ದು. ತಲೆಯೆತ್ತಿದರೆ ಎದುರಿನ ದೇವರ ಗೂಡಿನಲ್ಲಿ ಹಿತ್ತಾಳೆಯ ಕಾಲುದೀಪಗಳು ಬಂಗಾರದ ಹಾಗೆ ಹೊಳೆಯುತ್ತಿದ್ದವು.

ನಮ್ಮ ಊರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೂಜೆ ಬಂತೆಂದರೆ ದೀಪಕ್ಕೆ, ಹರಿವಾಣಕ್ಕೆ ಹುಣಸೆಹುಳಿ ಮತ್ತು ಉಪ್ಪು ಮೆತ್ತಿ, ಸ್ವಲ್ಪ ಹೊತ್ತು ಹಾಗೇ ಇಟ್ಟು, ಆಮೇಲೆ ತೆಂಗಿನ ನಾರಿನಲ್ಲಿ ತಿಕ್ಕುವುದು. ನನ್ನ ಅಮ್ಮನೂ ಬಾವಿಕಟ್ಟೆಯ ಕರಿಕಲ್ಲಿನ ಮೇಲೆ ಹಾಗೇ ಮಾಡುತ್ತಿದ್ದಳು. ಕರಿಕಲ್ಲಿಗೆ ಹುಳಿ ಅಂದರೆ ಲೆಕ್ಕಕ್ಕಿಲ್ಲ. ಮಾರ್ಬಲ್ಲಿಗೆ ಅದೇ ಹುಳಿ ವಿಷ.

ಆದರೂ ಈ ಸಲ ಬಾಯಿ ತೆರೆಯಲಿಲ್ಲ. ಒಮ್ಮೆ ಸುಟ್ಟುಕೊಂಡಿದ್ದೆನಲ್ಲ. ಯಜಮಾನ್ತಿ ಪೂಜೆಯ ಸಾಮಾನಿಗೆಂದು ಕೆಳಗೆ ಅಂಗಡಿಗೆ ಹೋಗಿದ್ದರು. ಡ್ರೈ ಬಾಲ್ಕನಿಯಲ್ಲಿ ಸಿಂಕಿಗೆಂದು ಕೊಯ್ದು ತೆಗೆದ ಅದೇ ಮಾರ್ಬಲ್ಲಿನ ತುಂಡು ಗೋಡೆಗೆ ಒರಗಿಸಿ ಇಟ್ಟಿತ್ತು. ಅದನ್ನು ಮಲಗಿಸಿ ಒರೆಸಿದೆ.

"ಅಮ್ಮಾ, ಒಂಚೂರು ಹುಣಸೆಹುಳಿ ಕೊಡ್ತೀರಾ? ಉಪ್ಪು ಕೂಡ" ಎಂದು ಅತ್ತೆಯನ್ನು ಕೇಳಿದೆ.

"ಪಾಲಿಶಿಗೆ ಹುಳಿಯೂ ಹಾಕ್ತೀರಾ ಈಗ?" ಎಂದು ನಗುತ್ತಾ, ಗೋಡೆ ಹಿಡಿದು ಕಾಲೆಳೆದುಕೊಂಡು ಬಂದು ಭರಣಿಯಿಂದ ಒಂದು ನಿಂಬೆ ಗಾತ್ರದ ಹುಳಿ ತೆಗೆದುಕೊಟ್ಟರು. ಅವರ ಎರಡೂ ಮಂಡಿ ಬಗ್ಗುವುದಿಲ್ಲ.

ಹುಳಿ ಕಿವುಚಿ ತುಂಡಿನ ಒಂದು ತುದಿಗೆ ಹಚ್ಚಿದೆ. ಇನ್ನೊಂದು ತುದಿಗೆ ಬಾಟಲಿಯಿಂದ ಒಂದೇ ತೊಟ್ಟು ಆಸಿಡ್. ಆಸಿಡ್ ಬಿದ್ದಲ್ಲಿ ಬುಸ್ಸೆಂದು ನೊರೆ ಎದ್ದು ಕ್ಷಣದಲ್ಲೇ ಕಲ್ಲಿಗೆ ಗುಳಿ ಬಿತ್ತು. ಹುಳಿ ಸುಮ್ಮನೆ ಕೂತಿತ್ತು. ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಾ ನಿಂತರು. ಹತ್ತು ನಿಮಿಷ ಬಿಟ್ಟು ಹುಳಿಯನ್ನು ಒರೆಸಿ ತೆಗೆದೆ. ಅಡಿಯಲ್ಲಿ ಅಡುಗೆಕಟ್ಟೆಯ ಮೇಲಿದ್ದಂಥದ್ದೇ ಮಂಕು, ತರಿಯಿಲ್ಲದ್ದು.

ಅತ್ತೆಯ ನಗು ನಿಂತಿತ್ತು.

"ಹುಳಿಯಿಂದಲಾ?" ಎಂದರು.

ನಾನು ತುಂಡನ್ನು ಅವರ ಕಡೆ ತಿರುಗಿಸಿದೆ.

"ನಾನೇ... ಶನಿವಾರ. ಇವರೆಲ್ಲ ಪುಣೆಗೆ ಹೋದ ದಿನ. ಮಧ್ಯಾಹ್ನ ಒಬ್ಬಳೇ ಇದ್ದೆ, ದೀಪ ತೊಳೆದಿಡುವ ಅಂತ. ಕೆಳಗೆ ಕೂರ್ಲಿಕ್ಕೆ ಮಂಡಿ ಕೇಳುದಿಲ್ಲ, ನಿಂತುಕೊಂಡೇ ಕಟ್ಟೆ ಮೇಲೆ ತೊಳೆದೆ; ಹುಳಿ ಮೆತ್ತಿ ಬಲಗಡೆ ಇಟ್ಟದ್ದು, ಎಡಗಡೆ ತಿಕ್ಕಿದ್ದು. ಕಲ್ಲು ಅಂದ್ರೆ ಕಲ್ಲಲ್ವಾ ಮಗಾ? ಊರಲ್ಲಿ ಅಷ್ಟು ವರ್ಷ ಕಲ್ಲಿನ ಮೇಲೇ ತೊಳೆದದ್ದು, ಏನೂ ಆಗ್ಲಿಲ್ಲ." ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಆ ಹುಡುಗಿಗೆ ಮಾಡ್ಬಾರದ್ದು ಮಾಡಿದ ಹಾಗಾಯ್ತಲ್ಲ."

ದೇವರ ಗೂಡಿನಿಂದ ದೊಡ್ಡ ದೀಪವೊಂದನ್ನು ತಂದು ಉಂಗುರದ ಮೇಲಿಟ್ಟೆ. ಅದರ ಪಾದದಲ್ಲಿ ಒಂದು ಕಡೆ ನೆಗ್ಗು ಇತ್ತು, ಯಾವತ್ತೋ ಬಿದ್ದದ್ದು. ಉಂಗುರವೂ ಒಂದು ಕಡೆ ಚಪ್ಪಟೆ. ತಿರುಗಿಸಿ ಇಟ್ಟರೆ ನೆಗ್ಗಿಗೆ ನೆಗ್ಗು ಕೂತಿತು. ಇನ್ನು ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

ಅತ್ತೆ ದೀಪದ ಪಾದಕ್ಕೆ ಬೆರಳು ತಾಗಿಸಿ ನೋಡಿದರು. ಆಮೇಲೆ ಮೆಲ್ಲಗೆ, "ನೀನು ಇದನ್ನು ಉಜ್ಜಿ ಬಿಡ್ತೀಯಲ್ಲ? ಸೊಸೆ ಬರುವ ಮೊದಲು ಉಜ್ಜಿ ಬಿಡು. ಹೋದ ತಿಂಗಳು ಬಿಸಿ ಪಾತ್ರೆ ಇಟ್ಟದ್ದಕ್ಕೇ ಎರಡು ದಿನ ಮಾತಾಡ್ಲಿಲ್ಲ. ಬಾಯಿಯನ್ನು ಹೇಗಾದರೂ ಸಮಾಧಾನ ಮಾಡಿ ನಾನು ಕರೆಸ್ತೇನೆ" ಎಂದರು.

ಮಿಷಿನು ಕೈಗೆಟುಕುವಲ್ಲೇ ಇತ್ತು. ನೀರು ಚಿಮುಕಿಸಿ ಆಗಿತ್ತು. ನಾಲ್ಕು ಉಂಗುರ, ಹೆಚ್ಚೆಂದರೆ ಒಂದು ತಾಸಿನ ಕೆಲಸ. ಯಾರಿಗೂ ಬೈಗುಳವಿಲ್ಲ, ನನ್ನ ಹೆಸರೂ ಉಳಿಯುತ್ತದೆ. ಆ ಟವರಿನಲ್ಲೇ ಇನ್ನೆರಡು ಮನೆಯ ನೆಲ ಪಾಲಿಶು ನನಗೆ ಬರುವುದಿತ್ತು. ಎಡಗಡೆಯದ್ದನ್ನು ನಾನಾಗಲೇ ಅಳಿಸಿ ಹಾಕಿದ್ದೆ. ಆ ಹೆಂಗಸಿನ ಪರವಾಗಿ ಹೇಳಲಿಕ್ಕೆ ಈ ಲೋಕದಲ್ಲಿ ಉಳಿದಿದ್ದ ಸಾಕ್ಷಿ ಅಂದರೆ ಈ ನಾಲ್ಕು ಉಂಗುರ. ಅದನ್ನು ಅಳಿಸಲಿಕ್ಕೆಂದೇ ನನ್ನನ್ನು ಕರೆಸಿದ್ದು.

ಪ್ಲಗ್ಗು ಕಿತ್ತೆ.

"ಅಮ್ಮ, ದೀಪ ತೊಳೆದದ್ದು ತಪ್ಪಲ್ಲ. ನೋಡದೆ ಮಾಡದೆ ಆಸಿಡ್ ಅಂದದ್ದು ತಪ್ಪು. ಅದು ನನ್ನದು. ನಿಮ್ಮ ಹೆಸರು ನಾನು ಎತ್ತುದಿಲ್ಲ. ಆದ್ರೆ ಇದನ್ನು ಉಜ್ಜುದೂ ಇಲ್ಲ" ಎಂದೆ.

ಯಜಮಾನ್ತಿ ತೆಂಗಿನಕಾಯಿಯ ಚೀಲ ಹೊತ್ತು ಬಂದವರು, ನಿಂತ ಮಿಷಿನು ನೋಡಿ, "ಎಂತ ಅಣ್ಣ, ಕರೆಂಟ್ ಇಲ್ವಾ?" ಎಂದರು.

ಟಾರ್ಚು ಮಲಗಿಸಿ ತೋರಿಸಿದೆ. ತುಂಡಿನ ಎರಡೂ ತುದಿ ತೋರಿಸಿದೆ. ಸಿಂಕು ತೋರಿಸಿದೆ. "ಇದು ಬಾತ್‌ರೂಮಿನ ಆಸಿಡ್ ಅಲ್ಲವೇ ಅಲ್ಲ ಅಕ್ಕ. ಸೋಮವಾರ ನಾನು ಹೇಳಿದ್ದು ಸುಳ್ಳು. ಇದು ಹುಳಿ. ಬಾಯಿ ಏನೂ ಮಾಡಿಲ್ಲ."

"ಹುಳಿಯಾ? ಹುಳಿ ಯಾರು ಹಾಕ್ತಾರೆ ಓಟಾದ ಮೇಲೆ?"

ನಾನು ನೆಲ ನೋಡಿದೆ. ಫ್ರಿಜ್ಜಿನ ಪಕ್ಕದಿಂದ, "ನಾನು" ಎಂಬ ಸ್ವರ ಬಂತು. ಅತ್ತೆ ಗೋಡೆ ಬಿಟ್ಟು ನೆಟ್ಟಗೆ ನಿಂತಿದ್ದರು.

ಯಜಮಾನ್ತಿಯ ಮುಖ ಕೆಂಪಾಯಿತು, ಬಿಳುಪಾಯಿತು. ಅತ್ತೆಗೆ ಏನೂ ಹೇಳಲಿಲ್ಲ. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ನನಗೆ ಇವತ್ತಿಗೂ ತಿಳಿದಿಲ್ಲ. ನನ್ನ ಕಡೆ ತಿರುಗಿ, "ಆಯ್ತು ಬಿಡಿ, ಆದದ್ದು ಆಯ್ತು. ಇಷ್ಟು ಉಜ್ಜಿ ಮುಗಿಸಿ. ಪೂಜೆ ಆದ ಮೇಲೆ ಬಾಯಿ ವಿಷಯ ನೋಡುವ" ಎಂದರು.

"ಪೂಜೆ ಆದ ಮೇಲೆ ಯಾರೂ ನೋಡುದಿಲ್ಲ ಅಕ್ಕ. ಅವಳ ಕಾರ್ಡ್ ಬಂದ್ ಆಗಿದೆ. ಬೇರೆ ಎರಡು ಮನೆಯೂ ಹೋಗಿದೆ. ಬೆಳಿಗ್ಗೆ ಬಸ್‌ಸ್ಟಾಪಲ್ಲಿ ನಿಂತಿದ್ದಳು."

"ಮತ್ತೆ ನಾನೆಂತ ಮಾಡ್ಲಿ? ಇಡೀ ಬಿಲ್ಡಿಂಗಿಗೆ, ನನ್ನ ಅತ್ತೆಯೇ ಮಾಡಿದ್ದು, ನಾನು ಬಾಯಿಯನ್ನು ಓಡಿಸಿದೆ ಅಂತ ಬರೀಬೇಕಾ? ಮಾನ ಉಂಟಲ್ಲ ನಮಗೂ!"

"ನಿಮ್ಮ ಅತ್ತೆಯ ಹೆಸರು ಬೇಡ. ಪಾಲಿಶಿನವನು ನೋಡದೆ ಸುಳ್ಳು ಹೇಳಿದ, ಬಾಯಿಯದ್ದು ಏನೂ ತಪ್ಪಿಲ್ಲ ಅಂತ ಬರೀರಿ. ನನ್ನ ಹೆಸರು, ನಂಬರು ಎರಡೂ ಹಾಕಿ. ಅಲ್ಲಿಯವರೆಗೆ ಈ ಉಂಗುರ ಇಲ್ಲೇ ಇರ್ತದೆ, ನಾಡಿದ್ದು ಪೂಜೆಗೆ ನಿಮ್ಮ ನೆಂಟರೆಲ್ಲ ಬಂದು ನೋಡ್ಲಿ."

ಹೇಳಿದ್ದು ಜೋರಾಗಿಯೇ. ನನಗೆ ಮೆತ್ತಗೆ ಹೇಳಲು ಬರುವುದಿಲ್ಲ. ಯಜಮಾನ್ತಿ, "ಇದೆಂತ ಬ್ಲಾಕ್‌ಮೇಲಾ?" ಎಂದು ಕೂಗಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಗಂಡನಿಗೆ ಫೋನು ಮಾಡಿದರು. ನಾನು ಅಡುಗೆಮನೆಯ ನೆಲದ ಮೇಲೆ ಪ್ಯಾಡುಗಳ ಡಬ್ಬಿಯ ಪಕ್ಕ ಕುಳಿತೆ. ಅತ್ತೆ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟರು. ಮುಕ್ಕಾಲು ತಾಸಿನ ಮೇಲೆ ಯಜಮಾನ್ತಿ ಹೊರಗೆ ಬಂದು, ದೀಪವಿಲ್ಲದ ಬರೀ ಉಂಗುರದ ಫೋಟೋ ತೆಗೆದು, ಬರೆದದ್ದನ್ನು ನನಗೆ ತೋರಿಸಿದರು. ನಾನು ಹೇಳಿದ ಹಾಗೆಯೇ ಇತ್ತು. ನನ್ನ ನಂಬರು ಕೊನೆಯಲ್ಲಿ. "ಹಾಕಿದೆ" ಎಂದರು. "ಇನ್ನು ಮಿಷಿನು ಹಚ್ಚಿ."

"ಅವಳ ಕಾರ್ಡ್?"

ಸೊಸೈಟಿ ಆಫೀಸಿಗೆ ಫೋನು ಹೋಯಿತು. ಕಾರ್ಡು ಶುರುವಾಗುವುದು ಮರುದಿನ ಬೆಳಿಗ್ಗೆ ಎಂದರು. ಹಾಗಾದರೆ ನಾನೂ ಮರುದಿನ ಬೆಳಿಗ್ಗೆಯೇ ಬರುತ್ತೇನೆ ಎಂದು ಸಾಮಾನು ಅಲ್ಲೇ ಬಿಟ್ಟು ಹೊರಟೆ. ಬಾಯಿ ಸಿಕ್ಕಿದರೆ ವಾಪಸ್ಸು ಬರಲು ಹೇಳಿ ಎಂದು ಯಜಮಾನ್ತಿ ಬಾಗಿಲಲ್ಲಿ ಹೇಳಿದರು. ಬಸ್ಸಿನಲ್ಲಿ ಕೂತಾಗಲೇ ಆ ಟವರಿನ ಒಂದು ಮನೆಯಿಂದ ಫೋನು: ಸದ್ಯಕ್ಕೆ ನೆಲ ಪಾಲಿಶು ಬೇಡ. ಲೋಕಲ್ ದಿವಾ ದಾಟುವಾಗ ಇನ್ನೊಂದು ಮನೆಯದ್ದೂ ಬಂತು. ಅವರು ಸುಮ್ಮನೆ ಬೇಡ ಎಂದು ಬಿಡಲಿಲ್ಲ. ಹೀಗೆ ಬಾಯಿಗೆ ಬಂದದ್ದು ಹೇಳುವವನನ್ನು ಮನೆಯೊಳಗೆ ಹೇಗೆ ಬಿಡುವುದು ಎಂದೂ ಕೇಳಿದರು. ಕೇಳಿದ್ದು ಸರಿಯೇ. ಆದರೂ ಹೊಟ್ಟೆ ಉರಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಾವು ಸಣ್ಣವರಿದ್ದಾಗ ಕಾಪಿ ಬರೆದದ್ದು ನೆನಪಾಯಿತು.

ಗುರುವಾರ ಬೆಳಿಗ್ಗೆ ಗೇಟಿನ ಹತ್ತಿರ ಕಾದು ನಿಂತವನು ನಾನು. ಅವಳು ರಿಕ್ಷಾದಿಂದ ಇಳಿದು ಬಂದು, ಕಾರ್ಡು ತೋರಿಸಿದಳು. ವಾಚ್‌ಮನ್ ಒಳಗೆ ಬಿಟ್ಟ. ನನ್ನನ್ನು ಕಂಡೂ ಕಾಣದ ಹಾಗೆ ಮುಂದೆ ಹೋಗುತ್ತಿದ್ದಳು.

"ಸ್ವಲ್ಪ ನಿಲ್ಲಿ" ಎಂದೆ. ನಾನು ಬಹುವಚನ ಬಳಸಿದ್ದು ಅವಳಿಗಿಂತ ಮೊದಲು ನನಗೇ ಕೇಳಿಸಿತು. "ನನ್ನಿಂದ ತಪ್ಪಾಯ್ತು. ನಾನು ನೋಡದೆ ಹೇಳಿದೆ. ನಾನು ಹೇಳಿದ್ದೆನಲ್ಲ, ಕಲ್ಲು ಸುಳ್ಳು..."

"ಕಲ್ಲ ಏನೂ ಸುಳ್ಳ ಹೇಳಿರ್ಲಿಲ್ರೀ" ಎಂದಳು. "ನೀವ ಹೇಳಿದ್ರಿ."

ಅವಳು ಲಿಫ್ಟಿನತ್ತ ನಡೆದಳು, ನಾನೂ ಹಿಂದೆಯೇ ಹೋದೆ.

"ಒಂಬತ್ತನೇ ಮಜಲಿನವ್ರು ಬಾ ಅಂದಾರ. ಇನ್ನೊಂದು ಮನ್ಯಾಗ ಬ್ಯಾರೆಯಾಕಿನ ಇಟ್ಕೊಂಡ್ರಂತ, ಅದು ಹೋತು."

"ಹದಿನಾಲ್ಕನೇ ಮಹಡಿ? ಅಮ್ಮ ನಿಮ್ಮ ದಾರಿ ನೋಡ್ತಾ ಇದ್ದಾರೆ. ಅಕ್ಕನೂ ಬನ್ನಿ ಅಂತ ಹೇಳಿದ್ದಾರೆ."

ಅವಳು ಲಿಫ್ಟಿನ ಗುಂಡಿ ಒತ್ತಿದಳು. "ಅಮ್ಮಾರಿಗೆ ಹೇಳ್ರಿ, ಸಂಜಿಮುಂದ ಕೆಳಗ ಗಾರ್ಡನ್ನಿಗೆ ಬರ್ಲಿ, ಮಾತಾಡ್ಸ್ತೀನಿ. ಆ ಮನಿ ಹೊಸ್ತಿಲಾ ಮಾತ್ರ ನಾ ತುಳ್ಯಂಗಿಲ್ಲ. ಆರು ವರ್ಷ ಕಸ ಹೊಡದವಳ ಮಾತಿಗಿಂತ, ಎರಡು ನಿಮಿಷ ನಿಂತವನ ಮಾತು ಹೆಚ್ಚಾತು ಅವ್ರಿಗೆ." ಲಿಫ್ಟು ಒಂಬತ್ತರಲ್ಲಿ ನಿಂತಾಗ ಇಳಿದು ಹೋದಳು. ನಾನೊಬ್ಬನೇ ಮೇಲಕ್ಕೆ ಹೋದೆ.

ಆಮೇಲೆ ನನ್ನ ಕೆಲಸ ನಾನು ಮಾಡಿದೆ. ಈ ಸಲ ಎಂಟುನೂರರ ಪ್ಯಾಡು ಸಾಕಾಯಿತು. ಹುಳಿ ತಿಂದದ್ದು ಅಷ್ಟು ತೆಳುವಾಗಿತ್ತು. ಆಮೇಲೆ ಸಾವಿರದೈನೂರು, ಮೂರುಸಾವಿರ. ಕೊನೆಗೆ ಪಾಲಿಶ್ ಪುಡಿ ನೀರಲ್ಲಿ ಕಲಸಿ, ನಿಧಾನ ವೇಗದಲ್ಲಿ ಒಣಗುವ ತನಕ ತಿರುಗಿಸಿದೆ. ಎಡ ಬಲ ಎರಡೂ ಒಂದೇ ಹದಕ್ಕೆ ಬರಲು ಮಧ್ಯಾಹ್ನ ಕಳೆಯಿತು. ರಕ್ಷಣೆಗೆ ಸೀಲರ್ ಹಚ್ಚಿ, ಹುಳಿ, ನಿಂಬೆ, ಪುನರ್ಪುಳಿ ಇಂಥ ಹುಳಿಯದ್ದೇನು ಬಿದ್ದರೂ ಸೀಲರ್ ಇದ್ದರೂ ಕಲ್ಲು ಉಳಿಯುವುದಿಲ್ಲ, ಕೂಡಲೇ ಒರೆಸಬೇಕು ಎಂದು ಎರಡೆರಡು ಸಲ ಹೇಳಿದೆ. ಪ್ಲಾಸ್ಟಿಕ್ ಹಾಳೆಗಳನ್ನೆಲ್ಲ ತೆಗೆದು ಕಿಟಕಿಯ ಪರದೆ ಸರಿಸಿದಾಗ ಕಟ್ಟೆಯಲ್ಲಿ ಮುಖ ಕಾಣುತ್ತಿತ್ತು.

ಯಜಮಾನ್ತಿ ಅತ್ತ ಬಗ್ಗಿ ಇತ್ತ ಬಗ್ಗಿ ನೋಡಿದರು. ನಾಲ್ಕು ದಿನಗಳಲ್ಲಿ ಮೊದಲ ಸಲ ನಕ್ಕರು. "ವಾ ಅಣ್ಣ! ಇಲ್ಲಿ ಏನಾದ್ರೂ ಆಗಿತ್ತು ಅಂತ ಯಾರಿಗೂ ಗೊತ್ತೇ ಆಗ್ಲಿಕ್ಕಿಲ್ಲ."

ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಬೇರೆ ದಿನವಾಗಿದ್ದರೆ ಮುಂದಿನ ನಾಲ್ಕು ಮನೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಅವತ್ತು ವೈರು ಸುತ್ತುತ್ತಾ ಸುಮ್ಮನೆ ತಲೆ ಅಲ್ಲಾಡಿಸಿದೆ.

ಅತ್ತೆ ಕಾಲೆಳೆದುಕೊಂಡು ಬಂದು ಕಟ್ಟೆಯ ಮುಂದೆ ನಿಂತರು. ಅಂಗೈಯನ್ನು ಬಲಗಡೆಯ ಕಲ್ಲಿನ ಮೇಲಿಟ್ಟು, ದೀಪ ಇಟ್ಟಿದ್ದ ಜಾಗದಲ್ಲೇ ದುಂಡಗೆ ಸವರಿದರು, ಒಂದು, ಎರಡು, ಮೂರು, ನಾಲ್ಕು.

"ನನಗೆ ಗೊತ್ತಾಗ್ತದೆ ಮಗಾ" ಎಂದರು. ಆಮೇಲೆ ನನ್ನ ಕಡೆ ನೋಡಿ, "ಅವಳು ಬರ್ತಾಳಂತಾ?" ಎಂದು ಕೇಳಿದರು.